ಪುಸ್ತಕ ಮುಚ್ಚಿ ಓದುವುದು

ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರು ಕಷ್ಟಪಟ್ಟು ಓದುವರು. ಆದರೂ ಪ್ರಶ್ನಪತ್ರಿಕೆ ಕೈಗೆ ಬಂದಾಗ ಓದಿದುದೊಂದೂ ನೆನಪಿಗೆ ಬಾರದೆಂದು ಮೊರೆಯಿಡುವರು. ಇದನ್ನು ಸೋಮಾರಿತನವೆಂದು ನಾವು ಎಣಿಸಲಾರೆವು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಮನೆಗಳನ್ನು ಬಲ್ಲವರು ಯಾರೂ ಹಾಗೆ ಎಣಿಸಲಾರರು. ಗಂಗಾವತಿಯ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಂದೊಡನೆ ಭತ್ತದ ನಾಟಿ. ತಾಯಿ ಗದ್ದೆಗಿಳಿದರೆ ಒಲೆಯೂ ಚಿಕ್ಕ ಮಕ್ಕಳೂ ಹುಡುಗಿಯ ಪಾಲಿಗೆ. ಕುಷ್ಟಗಿ, ಯಲಬುರ್ಗಾಗಳ ಒಣಭೂಮಿಯಲ್ಲಿ ಮಳೆ ತಪ್ಪಿದ ವರ್ಷ ಎಷ್ಟೋ ಮನೆಯವರು ಗುಳೆ ಹೋಗುವರು. ಹುಡುಗಿ ಅಜ್ಜಿಯ ಬಳಿ ಉಳಿಯುವಳು, ಇಲ್ಲವೆ ಪುಸ್ತಕ ಕಟ್ಟಿಟ್ಟು ಸಂಗಡ ಹೊರಡುವಳು. ಹತ್ತನೆಯ ತರಗತಿಯಲ್ಲಿ ತಪ್ಪಿದ ಹುಡುಗನು ಇನ್ನೊಮ್ಮೆ ಪರೀಕ್ಷೆಗೆ ಕೂಡುವನು. ತಪ್ಪಿದ ಹುಡುಗಿಗೆ ಎಷ್ಟೋ ಮನೆಗಳಲ್ಲಿ ವರನನ್ನು ಹುಡುಕತೊಡಗುವರು. ಆದುದರಿಂದ ಅವಳಿಗೆ ದೊರೆಯುವ ಒಂದೆರಡು ಗಂಟೆಗಳ ಬೆಲೆ ಬಹಳ ದೊಡ್ಡದು.

ಆ ಗಂಟೆಗಳು ವ್ಯರ್ಥವಾಗುವ ಬಗೆ ಹೀಗೆ. ಪಾಠವನ್ನು ಗಟ್ಟಿಯಾಗಿ ಓದುವುದು, ಮತ್ತೆ ಓದುವುದು, ಮತ್ತೂ ಓದುವುದು. ನಾಲ್ಕನೆಯ ಸಲಕ್ಕೆ ಮಾತುಗಳು ನಾಲಗೆಯ ಮೇಲೆ ಸರಾಗವಾಗಿ ಹೊರಳುವುವು. ಪಾಠ ಬಂದಿತೆಂಬ ಭ್ರಮೆ ಹುಟ್ಟುವುದು. ಆದರೆ ಪರಿಚಯವೇ ಬೇರೆ, ಸ್ಮರಣೆಯೇ ಬೇರೆ. ಸಂತೆಯಲ್ಲಿ ವಾರವಾರವೂ ಕಾಣುವ ಮುಖವನ್ನು ನಾವು ಕಂಡೊಡನೆ ಗುರುತಿಸುವೆವು. ಮನೆಗೆ ಬಂದ ಮೇಲೆ ಆ ಮುಖವನ್ನು ಬಣ್ಣಿಸೆಂದರೆ ತಡವರಿಸುವೆವು. ಪರೀಕ್ಷೆ ಬೇಡುವುದು ಈ ಎರಡನೆಯದನ್ನು.

ಬಾಯಿಪಾಠದ ಈ ರೂಢಿಗೆ ನಮ್ಮಲ್ಲಿ ಇನ್ನೊಂದು ಹಿನ್ನೆಲೆಯೂ ಉಂಟೆಂದು ನಮಗೆ ತೋರುವುದು. 1948ರ ಸೆಪ್ಟೆಂಬರಿನವರೆಗೆ ಈ ಸೀಮೆ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿದ್ದಿತು. ಪ್ರೌಢಶಿಕ್ಷಣವು ಉರ್ದುವಿನಲ್ಲಿ ನಡೆಯುತ್ತಿದ್ದಿತು. ಮನೆಯಲ್ಲಿ ಕನ್ನಡವಾಡುವ ಮಗುವು ಅರ್ಥವಾಗದುದನ್ನು ಉರುಹೊಡೆಯದೆ ಮತ್ತೇನು ಮಾಡೀತು? ಕಾರಣವು ಹೋಯಿತು, ರೂಢಿ ಮಾತ್ರ ಉಳಿಯಿತು.

ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಎರಡು ಸಲ ಓದಿದರು. ಉಳಿದವರು ಒಂದು ಸಲ ಓದಿ, ಅದನ್ನು ನೋಡದೆ, ನೆನಪಿದ್ದುದನ್ನು ಬರೆದರು. ಐದು ನಿಮಿಷಗಳ ತರುವಾಯ ಪರೀಕ್ಷಿಸಿದಾಗ ಎರಡು ಸಲ ಓದಿದವರೇ ಮುಂದು. ಒಂದು ವಾರದ ತರುವಾಯ ನೋಡಿದರೆ ಅವರಲ್ಲಿ ಉಳಿದುದು ನೂರಕ್ಕೆ 42 ಪಾಲು. ನೆನೆದು ಬರೆದವರಲ್ಲಿ 56 ಪಾಲು. ಪರೀಕ್ಷೆಯ ಹಿಂದಿನ ರಾತ್ರಿಯ ಓದು ನಮ್ಮನ್ನು ಏಕೆ ವಂಚಿಸುವುದೆಂಬುದು ಇದರಿಂದ ತಿಳಿಯುವುದು.

ಹಾಗಾದರೆ ಮಾಡಬೇಕಾದುದೇನು? ಮೊದಲು ಅರ್ಥವಾಗುವಂತೆ ಒಮ್ಮೆ ನಿಧಾನವಾಗಿ ಓದಬೇಕು. ಬಳಿಕ ಪುಸ್ತಕ ಮುಚ್ಚಿ, ತಿಳಿದುದನ್ನು ಹಳೆಯ ನೋಟುಪುಸ್ತಕದಲ್ಲಿ ಸ್ವಂತ ಮಾತಿನಲ್ಲಿ ಬರೆಯಬೇಕು. ಅನಂತರ ಪುಸ್ತಕ ತೆರೆದು, ಬಿಟ್ಟುಹೋದುದನ್ನು ಬೇರೆ ಮಸಿಯಲ್ಲಿ ಸೇರಿಸಬೇಕು. ಅಶೋಕನ ಪಾಠವಿದ್ದರೆ, ಪಾಟಲಿಪುತ್ರದ ಅರಸನ ಶಾಸನವು ನಮ್ಮ ಗವಿಮಠದ ಬಂಡೆಗೂ ಪಾಲ್ಕಿಗುಂಡಿಗೂ ಹೇಗೆ ಬಂದಿತು, ಅದು ಯಾವ ಭಾಷೆ, ಯಾವ ಲಿಪಿ ಎಂದು ತನ್ನನ್ನೇ ಕೇಳಿಕೊಳ್ಳಬೇಕು. ಪ್ರಾಕೃತ ಭಾಷೆ, ಬ್ರಾಹ್ಮೀ ಲಿಪಿ ಎಂಬ ಉತ್ತರವು ತಾನಾಗಿ ಹೊಳೆದರೆ ಅದು ನಿಮ್ಮದಾಯಿತು. ಗಣಿತದಲ್ಲಿ, ಬಿಡಿಸಿದ ಲೆಕ್ಕವನ್ನು ಕೈಯಿಂದ ಮುಚ್ಚಿ ಮತ್ತೆ ಬಿಡಿಸಬೇಕು. ಲೆಕ್ಕವನ್ನು ಬಾಯಿಪಾಠ ಮಾಡುವವರನ್ನೂ ನಾವು ಕಂಡಿದ್ದೇವೆ!

ಒಂದೇ ದಿನ ಹತ್ತು ಸಲ ಹೀಗೆ ಮಾಡಿದರೆ ಫಲವು ಅಲ್ಪ. ಕೊಪ್ಪಳಕ್ಕೆ ಸಮೀಪದ ಕಿನ್ನಾಳದಲ್ಲಿ ಗೊಂಬೆ ಮಾಡುವವರನ್ನು ನೋಡಿರಿ. ಕೆತ್ತಿದ ಮರದ ಮೇಲೆ ಹುಣಸೆಬೀಜದ ಅಂಟು ಕೂಡಿಸಿದ ಕಿಟ್ಟವನ್ನು ಹಚ್ಚುವರು, ಅದರ ಮೇಲೆ ಕಲ್ಲುಪುಡಿಯ ಲೇಪ, ಬಣ್ಣವೇನಿದ್ದರೂ ಕಡೆಗೆ. ಹಸಿಯ ಮೇಲೆ ಹಸಿ ಬಳಿದರೆ ಗೊಂಬೆ ಕೆಡುವುದು. ಪಾಠವೂ ಅಂತೆಯೇ ಒಂದಿಷ್ಟು ಆರಬೇಕು: ಮರುದಿನ ಒಮ್ಮೆ, ಮೂರನೆಯ ದಿನ ಒಮ್ಮೆ, ವಾರ ಕಳೆದು ಒಮ್ಮೆ ನೆನೆಯಬೇಕು. ಅಷ್ಟರಲ್ಲಿ ತುಸು ಮರೆತಿರುವುದು ಸಹಜ. ಅದನ್ನು ಪ್ರಯಾಸದಿಂದ ಮರಳಿ ತರುವುದರಲ್ಲಿಯೇ ಗುಣವಿದೆ.

ಈ ಬಗೆಯ ಓದಿಗೆ ದೀಪವೂ ಬೇಡ, ಪುಸ್ತಕವೂ ಬೇಡ. ರೊಟ್ಟಿ ಬಡಿಯುತ್ತ, ನೀರು ತರುತ್ತ ಮುಂಜಾನೆಯ ಪಾಠವನ್ನು ನೆನೆಯಬಹುದು. ಹೀಗೆಂದ ಮಾತ್ರಕ್ಕೆ ಮನೆಗೆಲಸದ ಹೊರೆಯೆಲ್ಲ ಹುಡುಗಿಯದೇ ಆಗಲೆಂದು ನಾವು ಹೇಳುವುದಿಲ್ಲ, ಅಣ್ಣತಮ್ಮಂದಿರಿಗೂ ಕೈಗಳುಂಟು.

ಇಲ್ಲಿ ಒಂದು ತೊಡಕನ್ನು ಹೇಳದೆ ಬಿಡಲಾಗದು. ಗಟ್ಟಿಯಾಗಿ ಓದುವ ಮಗಳನ್ನು ಮನೆಯವರು ಓದುತ್ತಿರುವಳೆಂದು ಬಿಟ್ಟುಬಿಡುವರು. ಪುಸ್ತಕ ಮುಚ್ಚಿ ಸುಮ್ಮನೆ ಕುಳಿತವಳನ್ನು ಕಂಡೊಡನೆ, "ಖಾಲಿ ಕುಂತೀಯಲ್ಲ, ಬಾರವ್ವಾ, ಕೊಡ ತಗೋ" ಎಂದು ಕರೆಯುವರು. ತಾಯಂದಿರಲ್ಲಿ ನಮ್ಮ ಬಿನ್ನಹವಿಷ್ಟೆ: ಆ ಹೊತ್ತಿನಲ್ಲಿ ಕರೆಯಬೇಡಿರಿ. ಸಾಧ್ಯವಾದರೆ ಸಂಜೆ ಅವಳನ್ನು ಎದುರಿಗೆ ಕುಳ್ಳಿರಿಸಿಕೊಂಡು, "ಇವತ್ತ ಸಾಲ್ಯಾಗ ಏನ್ ಹೇಳಿದ್ರು, ನನಗೂ ಹೇಳು" ಎಂದು ಕೇಳಿರಿ. ಅದಕ್ಕೆ ನಿಮಗೆ ಅಕ್ಷರ ಬರಬೇಕೆಂದಿಲ್ಲ.