ಶಾಖೆಗೆ ವರದಿ ಕಾಣುತ್ತಿಲ್ಲವೇ? ಅವಸರದಲ್ಲಿ ಕೀಲಿಕೈ ಕೊಡಬೇಡಿ
ಹಂಚಿಕೆಯ ವಿಶ್ಲೇಷಣಾ ಆಪ್‌ಗಳಲ್ಲಿ ಗುಂಪು ಅನುಮತಿಯ ತೊಡಕುಗಳು ಮತ್ತು ಪರಿಹಾರ

ಶಾಖೆಗಳ ಮಾರಾಟದ ಲೆಕ್ಕ, ದಾಸ್ತಾನಿನ ಪಟ್ಟಿ ಹಾಗೂ ಬಾಕಿ ವಸೂಲಿಯ ವಿವರಗಳಿಗಾಗಿ ತಿಂಗಳ ಕೊನೆಯವರೆಗೆ ಕಾಯುವ ಪರಿಸ್ಥಿತಿ ಈಗ ಅನೇಕ ಸಂಸ್ಥೆಗಳಲ್ಲಿ ಉಳಿದಿಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯು 2015ರಲ್ಲಿ ಮಾರುಕಟ್ಟೆಗೆ ತಂದ ಪವರ್ ಬಿಐ ಮುಂತಾದ ವಿಶ್ಲೇಷಣಾ ವ್ಯವಸ್ಥೆಗಳ ಮೂಲಕ ಈ ಎಲ್ಲ ವರದಿಗಳನ್ನು ಒಂದು ‘ಆಪ್’ ಆಗಿ ಜೋಡಿಸಿ, ಶಾಖೆಗಳಿಗೂ ಮಾರಾಟ ಪ್ರತಿನಿಧಿಗಳಿಗೂ ಹಂಚುವುದು ಸಾಧ್ಯವಾಗಿದೆ. ಆದರೆ ಆಪ್ ನವೀಕರಿಸಿದ ಮರುದಿನವೇ “ನಮಗೆ ಹೊಸ ವರದಿ ಕಾಣುತ್ತಿಲ್ಲ” ಎಂಬ ದೂರವಾಣಿ ಕರೆ ಬರುವುದೂ ಅಷ್ಟೇ ಸಾಮಾನ್ಯ. ಆ ಕ್ಷಣದಲ್ಲಿ ಕೈಗೊಳ್ಳುವ ಕ್ರಮವು ಸಂಸ್ಥೆಯ ವ್ಯಾಪಾರ ರಹಸ್ಯವನ್ನು ಕಾಯಲೂಬಹುದು, ಕಳೆಯಲೂಬಹುದು.

ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಹುಬ್ಬಳ್ಳಿಯಲ್ಲಿ ಪ್ರಧಾನ ಕಚೇರಿಯುಳ್ಳ ಪಂಪ್‌ಸೆಟ್ ವಿತರಕರೊಬ್ಬರಿಗೆ ಬೆಳಗಾವಿ, ದಾವಣಗೆರೆ ಹಾಗೂ ಬಳ್ಳಾರಿಗಳಲ್ಲಿ ಶಾಖೆಗಳಿವೆ. ಬಾಕಿ ವಸೂಲಿಯ ಹೊಸ ವರದಿಯನ್ನು ಆಪ್‌ಗೆ ಸೇರಿಸಲಾಯಿತು. ದಾವಣಗೆರೆಯವರಿಗೆ ಅದು ತೆರೆಯಲಿಲ್ಲ. ಅವಸರದಲ್ಲಿದ್ದ ಕಚೇರಿ ಸಿಬ್ಬಂದಿ ಆ ಶಾಖೆಯ ಇಡೀ ಗುಂಪಿಗೆ ವರ್ಕ್‌ಸ್ಪೇಸ್‌ನಲ್ಲಿ ‘ಮೆಂಬರ್’ ಸ್ಥಾನ ನೀಡಿದರು. ವರದಿ ತಕ್ಷಣ ತೆರೆಯಿತು, ಎಲ್ಲರಿಗೂ ಸಮಾಧಾನವಾಯಿತು. ಆದರೆ ಅದೇ ಕ್ಷಣದಿಂದ ಆ ಶಾಖೆಯ ಪ್ರತಿಯೊಬ್ಬ ಪ್ರತಿನಿಧಿಗೂ ಇತರ ಶಾಖೆಗಳ ಗ್ರಾಹಕರು, ಖರೀದಿ ದರ ಮತ್ತು ರಿಯಾಯಿತಿಯ ಪ್ರಮಾಣ ಕಾಣತೊಡಗಿದವು. ವರದಿ ಕಾಣದವರು ಫೋನ್ ಮಾಡುತ್ತಾರೆ. ಅಗತ್ಯಕ್ಕಿಂತ ಹೆಚ್ಚು ಕಂಡವರು ಮಾಡುವುದಿಲ್ಲ. ಆದ್ದರಿಂದಲೇ ಈ ಎರಡನೆಯ ದೋಷವು ತಿಂಗಳುಗಟ್ಟಲೆ ಗಮನಕ್ಕೆ ಬಾರದೆ ಉಳಿಯುತ್ತದೆ.

ಗೋದಾಮು ಮತ್ತು ಮಳಿಗೆ

ವರ್ಕ್‌ಸ್ಪೇಸ್ ಎಂಬುದು ಗೋದಾಮು ಇದ್ದಂತೆ. ಆಪ್ ಎಂಬುದು ಮುಂಭಾಗದ ಮಳಿಗೆ. ಗೋದಾಮಿನಲ್ಲಿ ಅಡ್ಮಿನ್, ಮೆಂಬರ್, ಕಾಂಟ್ರಿಬ್ಯೂಟರ್ ಮತ್ತು ವ್ಯೂವರ್ ಎಂಬ ನಾಲ್ಕು ಸ್ಥಾನಗಳಿವೆ. ಇವುಗಳಲ್ಲಿ ಮೊದಲ ಮೂರು ಸ್ಥಾನದವರಿಗೆ ವರದಿಗಳನ್ನು ತಿದ್ದುವ ಅಧಿಕಾರವಿರುವುದರಿಂದ, ‘ದಾವಣಗೆರೆಯವರಿಗೆ ದಾವಣಗೆರೆಯ ಸಾಲುಗಳು ಮಾತ್ರ’ ಎಂಬಂತಹ ಸಾಲು ಮಟ್ಟದ ಭದ್ರತೆಯು ಅವರಿಗೆ ಅನ್ವಯಿಸುವುದೇ ಇಲ್ಲ. ವ್ಯೂವರ್ ಸ್ಥಾನದವರಿಗೆ ಈ ಭದ್ರತೆ ಅನ್ವಯಿಸಿದರೂ, ಆ ವರ್ಕ್‌ಸ್ಪೇಸ್‌ನಲ್ಲಿರುವ ಎಲ್ಲ ವರದಿಗಳೂ ಅವರ ಕಣ್ಣಿಗೆ ಬೀಳುತ್ತವೆ. ವರದಿಯನ್ನು ಓದುವುದಷ್ಟೇ ಕೆಲಸವಾಗಿರುವವರಿಗೆ ಆಪ್ ಮೂಲಕ ಮಾತ್ರ ಪ್ರವೇಶ ನೀಡುವುದು ಕ್ಷೇಮ.

ಪರಿಶೀಲನೆಯ ಕ್ರಮ

ದೂರು ಬಂದಾಗ ಈ ಕೆಳಗಿನ ಕ್ರಮದಲ್ಲಿ ಪರಿಶೀಲಿಸುವುದು ಸೂಕ್ತ.

1. ನವೀಕರಣ ಪೂರ್ಣಗೊಂಡಿದೆಯೇ? ದತ್ತಾಂಶ ಹೊಸದಾದರೆ ಅದು ಆಪ್‌ನಲ್ಲಿ ತಾನಾಗಿಯೇ ಕಾಣುತ್ತದೆ. ಆದರೆ ವರದಿಯ ವಿನ್ಯಾಸದ ಬದಲಾವಣೆ ಅಥವಾ ಹೊಸ ವರದಿಯು ಓದುಗರನ್ನು ತಲುಪಲು ‘ಅಪ್‌ಡೇಟ್ ಆಪ್’ ಒತ್ತಲೇಬೇಕು. ಈ ಅಧಿಕಾರ ಅಡ್ಮಿನ್ ಮತ್ತು ಮೆಂಬರ್‌ಗಳಿಗಿದೆ. ಕಾಂಟ್ರಿಬ್ಯೂಟರ್‌ಗೆ ಪ್ರತ್ಯೇಕವಾಗಿ ಒಪ್ಪಿಗೆ ನೀಡಿದ್ದರೆ ಮಾತ್ರ.

2. ಆಡಿಯನ್ಸ್ ಸರಿಯಿದೆಯೇ? ಒಂದೇ ಆಪ್‌ನಲ್ಲಿ ಬೇರೆ ಬೇರೆ ಗುಂಪುಗಳಿಗೆ ಬೇರೆ ಬೇರೆ ವರದಿಗಳನ್ನು ತೋರಿಸುವ ಸೌಲಭ್ಯ 2022ರಲ್ಲಿ ಬಂದಿತು. ವರದಿಯನ್ನು ಆಪ್‌ಗೆ ಸೇರಿಸಿದರಷ್ಟೇ ಸಾಲದು. ಸಂಬಂಧಪಟ್ಟ ಪ್ರತಿಯೊಂದು ಆಡಿಯನ್ಸ್‌ಗೂ ಅದು ತೆರೆದಿದೆಯೇ ಎಂದು ನೋಡಬೇಕು.

3. ಗುಂಪು ಅದೇ ಗುಂಪೇ? ಅಳಿಸಿಹೋದ ಗುಂಪನ್ನು ಅದೇ ಹೆಸರಿನಲ್ಲಿ ಮತ್ತೆ ರಚಿಸಿದರೂ ವ್ಯವಸ್ಥೆಯ ದೃಷ್ಟಿಯಲ್ಲಿ ಅದು ಬೇರೆಯೇ ಗುಂಪು. ಹಳೆಯ ನಮೂದನ್ನು ತೆಗೆದು ಹೊಸದನ್ನು ಸೇರಿಸಬೇಕು. ಸಿಬ್ಬಂದಿಯ ಹೆಸರು ಗುಂಪಿನಲ್ಲಿ ನಿಜವಾಗಿಯೂ ಇದೆಯೇ ಎಂದು ನೋಡಿ, ಹೊಸದಾಗಿ ಸೇರಿಸಿದ್ದರೆ ಒಮ್ಮೆ ಲಾಗ್ ಔಟ್ ಆಗಿ ಮರಳಿ ಲಾಗಿನ್ ಆಗಲು ತಿಳಿಸಬೇಕು.

4. ದತ್ತಾಂಶ ಮಾದರಿ ಎಲ್ಲಿದೆ? ವರದಿಯ ಹಿಂದಿರುವ ದತ್ತಾಂಶ ಮಾದರಿಯು ಬೇರೊಂದು ವರ್ಕ್‌ಸ್ಪೇಸ್‌ನಲ್ಲಿರುವುದುಂಟು. ಆಗ ವರದಿಯ ಚೌಕಟ್ಟು ತೆರೆದರೂ ಒಳಗಿನ ಕೋಷ್ಟಕ, ನಕ್ಷೆಗಳು ತೆರೆಯದೆ ದೋಷ ತೋರಬಹುದು. ಆಪ್ ನವೀಕರಿಸುವವರಿಗೆ ಆ ಮಾದರಿಯನ್ನು ಮರುಹಂಚುವ ಹಕ್ಕಿಲ್ಲದಿದ್ದರೆ, ಅದರ ಉಸ್ತುವಾರಿ ಹೊಂದಿದವರಿಂದ ಗುಂಪಿಗೆ ಓದುವ ಅನುಮತಿಯನ್ನು ಪ್ರತ್ಯೇಕವಾಗಿ ಕೊಡಿಸಬೇಕು.

5. ಸಾಲು ಮಟ್ಟದ ಭದ್ರತೆಯಲ್ಲಿ ಗುಂಪು ಸೇರಿದೆಯೇ? ಬಹಳಷ್ಟು ಗೊಂದಲ ಹುಟ್ಟುವುದು ಇಲ್ಲಿಯೇ. ಆಪ್‌ಗೆ ಪ್ರವೇಶ ನೀಡಲು ಮೈಕ್ರೋಸಾಫ್ಟ್ 365 ಗುಂಪನ್ನು ಬಳಸಬಹುದು. ಆದರೆ ಸಾಲು ಮಟ್ಟದ ಭದ್ರತೆಯ ಪಾತ್ರಗಳಿಗೆ ಅಂತಹ ಗುಂಪನ್ನು ಸೇರಿಸಲು ಬರುವುದಿಲ್ಲ. ಪರಿಣಾಮವಾಗಿ ಬಾಗಿಲು ತೆರೆಯುತ್ತದೆ, ಒಳಗೆ ಅಂಕಿಅಂಶಗಳಿರುವುದಿಲ್ಲ. ಎರಡಕ್ಕೂ ಒಂದೇ ಸೆಕ್ಯುರಿಟಿ ಗ್ರೂಪ್ ಬಳಸಿದರೆ ಈ ತೊಡಕು ತಪ್ಪುತ್ತದೆ.

6. ಲೈಸೆನ್ಸ್ ಇದೆಯೇ? ಸಾಮಾನ್ಯ ವರ್ಕ್‌ಸ್ಪೇಸ್‌ನಿಂದ ಹಂಚಿದ ಆಪ್ ತೆರೆಯಲು ನೋಡುವವರಿಗೂ ಪ್ರೊ ಲೈಸೆನ್ಸ್ ಬೇಕು. ಉಚಿತ ಖಾತೆಯವರು ನೋಡಬೇಕಾದರೆ ಸಂಸ್ಥೆಯು ಎಫ್64 ಅಥವಾ ಅದಕ್ಕಿಂತ ದೊಡ್ಡ ಸಾಮರ್ಥ್ಯವನ್ನು ಖರೀದಿಸಿರಬೇಕಾಗುತ್ತದೆ. ಸಣ್ಣ ಸಂಸ್ಥೆಗಳಿಗೆ ಇದು ಸಾಮಾನ್ಯವಾಗಿ ದುಬಾರಿಯಾಗುವುದರಿಂದ, ಯಾರಿಗೆ ನಿಜವಾಗಿ ವರದಿ ಬೇಕು ಎಂಬುದನ್ನು ಮೊದಲೇ ಎಣಿಸಿಕೊಳ್ಳುವುದು ಒಳ್ಳೆಯದು.

ಮೇಲಿನ ಉದಾಹರಣೆಯಲ್ಲಿ ದೋಷವಿದ್ದುದು ಐದನೆಯ ಹಂತದಲ್ಲಿ ಎಂದಿಟ್ಟುಕೊಳ್ಳೋಣ. ಗುಂಪನ್ನು ಬದಲಿಸಿದ್ದರೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಗೋದಾಮಿನ ಕೀಲಿಕೈಯನ್ನೇ ಒಪ್ಪಿಸಿದಂತಾಯಿತು.

ಕೊಟ್ಟದ್ದನ್ನು ಹಿಂಪಡೆಯುವುದು

ತಾತ್ಕಾಲಿಕವೆಂದು ನೀಡಿದ ಸ್ಥಾನಗಳು ಶಾಶ್ವತವಾಗುವುದೇ ಹೆಚ್ಚು. ವರ್ಕ್‌ಸ್ಪೇಸ್‌ನ ಸದಸ್ಯರ ಪಟ್ಟಿಯನ್ನು ಇಂದೇ ತೆರೆದು, ತಿದ್ದುವ ಕೆಲಸವಿಲ್ಲದ ಗುಂಪುಗಳನ್ನು ತೆಗೆಯಿರಿ. ಅಷ್ಟಕ್ಕೇ ನಿಲ್ಲದೆ ದತ್ತಾಂಶ ಮಾದರಿಯ ಅನುಮತಿ ಪಟ್ಟಿಯನ್ನೂ ನೋಡಿ. ಆ ಮಾದರಿಯಿಂದ ಸ್ವಂತ ವರದಿ ರಚಿಸುವ ‘ಬಿಲ್ಡ್’ ಅನುಮತಿಯನ್ನು ಆಪ್ ಮೂಲಕ ಒಮ್ಮೆ ನೀಡಿದ್ದರೆ, ಮುಂದೆ ಆಪ್‌ನಲ್ಲಿ ಆ ಆಯ್ಕೆಯನ್ನು ತೆಗೆದರೂ ಹಳಬರಿಗೆ ಅದು ಉಳಿದಿರುತ್ತದೆ. ಅದನ್ನು ಮಾದರಿಯ ಪಟ್ಟಿಯಲ್ಲಿಯೇ ರದ್ದುಪಡಿಸಬೇಕು.

ನವೀಕರಣದ ನಂತರ ಮಾಲೀಕರ ಅಥವಾ ವ್ಯವಸ್ಥಾಪಕರ ಖಾತೆಯಿಂದ ಪರೀಕ್ಷಿಸಿ ಪ್ರಯೋಜನವಿಲ್ಲ. ಅವರಿಗೆ ಎಲ್ಲವೂ ಕಾಣುತ್ತದೆ. ಪ್ರತಿ ಶಾಖೆಯ ಒಬ್ಬ ಸಾಮಾನ್ಯ ಪ್ರತಿನಿಧಿಯ ಪರದೆಯನ್ನು ನೋಡಿ, “ಬೇಕಾದದ್ದು ಕಾಣುತ್ತಿದೆಯೇ?” ಎಂಬುದರ ಜೊತೆಗೆ “ಬೇಡವಾದದ್ದು ಕಾಣುತ್ತಿಲ್ಲವಷ್ಟೇ?” ಎಂದೂ ಕೇಳಬೇಕು.

ಗೋದಾಮಿನ ಕೀಲಿಕೈ ಯಾರ ಬಳಿ ಇದೆಯೆಂಬುದನ್ನು ವರ್ತಕರು ಎಂದೂ ಮರೆಯುವುದಿಲ್ಲ. ಪ್ರತಿ ಗುಂಪಿನ ಹೆಸರು, ಅದರ ಸದಸ್ಯರು, ಅದಕ್ಕೆ ತೆರೆದಿರುವ ವರದಿಗಳು ಹಾಗೂ ಕೊನೆಯ ಬಾರಿ ಪರಿಶೀಲಿಸಿದ ದಿನಾಂಕ — ಇಷ್ಟನ್ನು ಒಂದು ಪುಟದಲ್ಲಿ ಬರೆದಿಟ್ಟು, ಸಿಬ್ಬಂದಿ ಕೆಲಸ ಬಿಟ್ಟಾಗಲೆಲ್ಲ ತಿದ್ದುತ್ತಿದ್ದರೆ, ಲೆಕ್ಕದ ಕೀಲಿಕೈಗೂ ಅದೇ ಎಚ್ಚರ ದೊರೆತಂತಾಗುವುದು.