ಮೋಟಾರು ನಗಾರಿ

ಮಂಗಳಾರತಿಯ ಹೊತ್ತಿಗೆ ಗುಂಡಿ ಒತ್ತಿದರೆ ನಗಾರಿಯೂ ಗಂಟೆಯೂ ತಾವಾಗಿಯೇ ಮೊಳಗುವ ಯಂತ್ರವು ನಮ್ಮ ನಾಡಿನ ಅನೇಕ ಗುಡಿಗಳಿಗೆ ಬಂದಿದೆ. ಪುಟ್ಟದೊಂದು ಮೋಟಾರು, ಅದು ತಿರುಗಿಸುವ ಅಚ್ಚು, ಅಚ್ಚಿನೊಡನೆ ಏಳುತ್ತ ಬೀಳುತ್ತ ಇರುವ ಕೋಲು. ಇಷ್ಟೇ ಅದರ ಮರ್ಮ. ಹೊಡೆತ ತಪ್ಪದು, ಕೂಲಿ ಕೇಳದು.

ಯಂತ್ರವು ಸಂಗೀತವನ್ನು ಸೃಷ್ಟಿಸಬಲ್ಲುದೇ ಎಂದು ಪಂಡಿತರು ಚರ್ಚಿಸುತ್ತಿದ್ದಾರೆ. ಹೋಳೂರಿನ ಕಡೆಯವನಾದ ನನಗೆ ಆಗ ನೆನಪಾಗುವವನು ಗ್ರಾಮದೇವತೆಯ ಮುಂದೆ ತಮಟೆ ಬಾರಿಸುವವನು. ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸಿ, ಬೆರಳಿನಿಂದ ತಟ್ಟಿ ನಾದವನ್ನು ಪರೀಕ್ಷಿಸಿ, ಕುಣಿಯುವವನ ಕಾಲನ್ನು ನೋಡುತ್ತ ಗತಿಯನ್ನು ಏರಿಸಿ ಇಳಿಸುವ ವಿದ್ಯೆ ಅವನದು. ಮೋಟಾರಿಗೆ ಅದೆಲ್ಲಿಂದ ಬರಬೇಕು? ಅದಕ್ಕೆ ಕಿವಿಯೇ ಇಲ್ಲವಲ್ಲ! ಆದರೂ ಅದು ಬಂದ ಕಡೆ ಅವನ ಕೆಲಸ ಹೋಯಿತು. ಪೂಜೆಗೆ ಬೇಕಾದುದು ಸದ್ದು ಮಾತ್ರವೆಂದು ಊರಿನವರು ಎಣಿಸಿದ್ದರು.

ಹುಟ್ಟಿನ ಕಾರಣದಿಂದ ತಲೆಗೆ ಕಟ್ಟಿದ ಚಾಕರಿ ತೊಲಗಿತು, ಒಳ್ಳೆಯದೇ ಆಯಿತು ಎನ್ನುವವರುಂಟು. ಅವರ ಮಾತಿನಲ್ಲಿ ನ್ಯಾಯವಿದೆ. ಬಾರಿಸಿದವನನ್ನು ಗುಡಿಯ ಹೊರಗೇ ನಿಲ್ಲಿಸಿದ ಊರುಗಳು ನಮ್ಮವು. ನನ್ನ ಚಿಂತೆ ಬೇರೆ. ಮಂಗಳವಾರ, ಶುಕ್ರವಾರಗಳ ಪೂಜೆಯಲ್ಲಿ ಅಪ್ಪನ ಪಕ್ಕದಲ್ಲಿ ನಿಂತು, ಅವೇ ನಾಲ್ಕು ಪೆಟ್ಟುಗಳನ್ನು ಬೇಸರದಿಂದಲೇ ಬಾರಿಸುತ್ತ ಹುಡುಗನು ಕೈಯನ್ನು ಪಳಗಿಸಿಕೊಳ್ಳುತ್ತಿದ್ದನು. ಜಾತ್ರೆಯ ರಾತ್ರಿ ಊರನ್ನೇ ಕುಣಿಸುತ್ತಿದ್ದುದು ಆ ಪಳಗಿದ ಕೈ.

ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ತಮಟೆವಾದನಕ್ಕಾಗಿ ಪದ್ಮಶ್ರೀ ಸಂದಿತು. (2007ರವರೆಗೆ ಆ ಊರು ನಮ್ಮ ಕೋಲಾರ ಜಿಲ್ಲೆಗೇ ಸೇರಿತ್ತೆಂಬುದು ನಮ್ಮ ಸಣ್ಣ ಹೆಮ್ಮೆ.) ಅಂಥ ಇನ್ನೊಂದು ಕೈ ಬೇಕಾದರೆ, ಗುಡಿಯ ಮುಂದೆ ತಪ್ಪಿಹೋದ ಆ ಪಾಠವನ್ನು ಜಾತಿ ಕೇಳದೆ ಬೇರೆಲ್ಲಾದರೂ ನಡೆಸಬೇಕು. ವೀಣೆಗೆ, ಪಿಟೀಲಿಗೆ ಮೇಷ್ಟರನ್ನು ಹುಡುಕುವ ನಮ್ಮ ಶಾಲೆಗಳು ತಮಟೆಯವನಿಗೆ ಎಷ್ಟು ಸಂಬಳ ಕೊಟ್ಟಾವು?