ಬಲಿತ ಬ್ರೇಕಿಗೆ ತಕ್ಕ ಸ್ಟೆಪ್ನಿ

ಕನ್ನಡನಾಡಿನ ಬಸ್ಸು, ಲಾರಿ, ಟ್ಯಾಕ್ಸಿಗಳ ಒಡನಾಟದಲ್ಲಿ ಬೆಳೆದ ನಮ್ಮಲ್ಲನೇಕರಿಗೆ ಮೀಸಲು ಗಾಲಿಯೆಂದರೆ ಸ್ಟೆಪ್ನಿಯೇ. ಡೆಟ್ರಾಯಿಟಿನ ಮೆಕ್ಯಾನಿಕ್ಕನ ಮುಂದೆ ಈ ಪದವನ್ನಾಡಿದರೆ ಆತ ಕಣ್ಣರಳಿಸಿಯಾನು. ಅದು ವೇಲ್ಸ್ ದೇಶದ ಲನೆಲ್ಲಿ ಪಟ್ಟಣದ ಬೀದಿಯೊಂದರ ಹೆಸರು. 1904ರಲ್ಲಿ ಡೇವೀಸ್ ಸಹೋದರರು ಅಲ್ಲಿ ಮೀಸಲು ಗಾಲಿಯನ್ನು ರೂಪಿಸಿದರು. ಅದು ಕಡ್ಡಿಗಳಿಲ್ಲದ ಬರಿಯ ಬಳೆ. ಗಾಳಿ ಹೋದ ಗಾಲಿಯ ಮಗ್ಗುಲಿಗೆ ಬಿಗಿದರಾಯಿತು, ಒಳಗಿನ ಬ್ರೇಕಿಗೂ ಅದಕ್ಕೂ ಯಾವ ವ್ಯವಹಾರವೂ ಇರಲಿಲ್ಲ.

ಈಗ ಆ ವ್ಯವಹಾರ ಬಂದಿದೆ. ಷಿಕಾಗೋದ ವಿದ್ಯಾರಣ್ಯ ಕೂಟಕ್ಕೂ ಮಿಷಿಗನ್ನಿನ ಪಂಪ ಕೂಟಕ್ಕೂ ನಡುವೆ ಐ-94 ಹೆದ್ದಾರಿಯಲ್ಲಿ ಸುಮಾರು 280 ಮೈಲಿಗಳ ಅಂತರ. ಮಕ್ಕಳು ದೊಡ್ಡವರಾಗಿ, ಕಾರಿನ ವ್ಯಾಮೋಹಕ್ಕೆ ಬಿದ್ದು, ದೊಡ್ಡ ಬ್ರೇಕುಗಳನ್ನು ಹಾಕಿಸಿಕೊಳ್ಳುತ್ತಾರೆ. ಅದೇನೂ ಕೆಟ್ಟ ವ್ಯಾಮೋಹವಲ್ಲ. ಆದರೆ ಡಿಕ್ಕಿಯಲ್ಲಿ ಮಲಗಿರುವ ಹಳೆಯ ಸ್ಟೆಪ್ನಿಯನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಜನವರಿಯ ಇರುಳಿನಲ್ಲಿ, ಕಲಮಜೂವಿನ ಆಚೆ, ಲಾರಿಗಳು ಎಪ್ಪತ್ತು ಮೈಲಿ ವೇಗದಲ್ಲಿ ಪಕ್ಕದಲ್ಲೇ ಹಾಯುತ್ತಿರುವಾಗ ಅದು ಕ್ಯಾಲಿಪರಿಗೆ ತಗುಲಿ ಕೂರದೆಹೋದರೆ, ಕಾರಿನೊಳಗಿನ ಅಜ್ಜಿ ಮೊಮ್ಮಕ್ಕಳ ಗತಿಯೇನು?

ಈ ಹೆದ್ದಾರಿಯ ಮೇಲಿರುವ ಜಾಕ್ಸನ್ ಊರಿನ ಹೇಯ್ಸ್ ಗಾಲಿ ಕಂಪನಿಯೂ ಡೆಟ್ರಾಯಿಟಿನ ಕೆಲ್ಸಿ ಕಂಪನಿಯೂ 1927ರಲ್ಲಿ ಒಂದಾದವು. ಅದೇ ಕೆಲ್ಸಿ-ಹೇಯ್ಸ್ ಮುಂದೆ ಬ್ರೇಕುಗಳಿಗೂ ಹೆಸರಾಯಿತು. 1965ರ ಮಸ್ಟಾಂಗಿಗೆ ಮುಂದಿನ ಡಿಸ್ಕ್ ಬ್ರೇಕುಗಳನ್ನು ಒದಗಿಸಿತು. ಗಾಲಿಗೂ ಬ್ರೇಕಿಗೂ ಹೊಂದಿಸುವ ಚಿಂತೆ ಕಾರ್ಖಾನೆಯದು. ಬ್ರೇಕನ್ನು ನಾವೇ ಬದಲಿಸಿದೆವೋ, ಆ ಚಿಂತೆ ನಮ್ಮ ಹೆಗಲಿಗೆ ಬಂತು.

ಲೆಕ್ಕ ಸರಳವಾಗಿದೆ. ಹದಿನಾಲ್ಕು ಅಂಗುಲದ ಡಿಸ್ಕು, ಅದರ ಅಂಚನ್ನು ದಾಟಿ ಚಾಚಿದ ಕ್ಯಾಲಿಪರು, ಇವೆರಡೂ ಗಾಲಿಯ ಹೊಟ್ಟೆಯೊಳಗೆ ಹಿಡಿಸಬೇಕು. ಹದಿನಾರು ಅಂಗುಲವೆಂದು ಬರೆದಿರುವುದು ಟೈರು ಕೂರುವ ಅಂಚಿನ ಅಳತೆ. ಒಳಹೊಟ್ಟೆ ಅದಕ್ಕಿಂತ ಕಿರಿದು. ಆದ್ದರಿಂದ ಇಂತಹ ಬ್ರೇಕಿಗೆ ಸಾಮಾನ್ಯವಾಗಿ ಹದಿನೆಂಟು ಅಂಗುಲದ ಗಾಲಿಯೇ ಬೇಕು. ವ್ಯಾಸವೊಂದು ಸರಿಹೋದರೂ ಸಾಲದು. ಅಗಲವಾದ ಕ್ಯಾಲಿಪರು ಗಾಲಿಯ ಮುಖದ ಒಳಬದಿಗೆ ಉಜ್ಜುವುದುಂಟು; ಅದನ್ನು ನಿರ್ಧರಿಸುವುದು ಗಾಲಿಯ ಆಫ್‌ಸೆಟ್ಟು ಮತ್ತು ಕಡ್ಡಿಗಳ ಬಾಗು. ಬೋಲ್ಟುಗಳ ವೃತ್ತ, ನಡುರಂಧ್ರ, ನಟ್ಟು ಕೂರುವ ಗುಂಡಿಯ ಆಕಾರ ಇವೂ ಒಪ್ಪಬೇಕು. ನಡುವೆ ಸ್ಪೇಸರ್ ತುರುಕಿ ಸರಿಮಾಡುವೆನೆಂಬ ಜಾಣರಿದ್ದಾರೆ; ಬೋಲ್ಟಿಗೆ ನಟ್ಟು ಹಿಡಿಯುವ ಉದ್ದ ಕಡಿಮೆಯಾಗುವುದರಿಂದ ಅದು ನನಗೆ ಸರ್ವಥಾ ಸಮ್ಮತವಲ್ಲ.

ಕೊಳ್ಳುವ ಮುನ್ನ ಅಂಗಡಿಯವನ ಮಾತನ್ನಾಗಲಿ ಕೋಷ್ಟಕವನ್ನಾಗಲಿ ನಂಬದೆ, ಮನೆಯ ಗರಾಜಿನಲ್ಲಿ ಕಾರನ್ನೆತ್ತಿ ಗಾಲಿಯನ್ನು ತೊಡಿಸಿ, ನಟ್ಟುಗಳನ್ನು ಬಿಗಿದು, ಕೈಯಿಂದ ಒಂದು ಪೂರ್ಣ ಸುತ್ತು ತಿರುಗಿಸಿರಿ. ಮುಂದೆಯೂ ಹಿಂದೆಯೂ ಪ್ರತ್ಯೇಕವಾಗಿ ನೋಡತಕ್ಕದ್ದು. ಅದೇ ಮಾದರಿಯ ಕಾರಿನ ಬಲಿಷ್ಠ ಆವೃತ್ತಿಗೆ ಕಂಪನಿಯೇ ಕೊಟ್ಟ ಸ್ಟೆಪ್ನಿ ಕೆಲವೊಮ್ಮೆ ಒಪ್ಪುತ್ತದೆ. ಹಳೆಯ ಕಾರುಗಳ ಅಂಗಳದಲ್ಲಿ ಅಗ್ಗಕ್ಕೆ ಸಿಗಲೂಬಹುದು. ಸುತ್ತಳತೆ ಉಳಿದ ಗಾಲಿಗಳಿಗೆ ಸಮೀಪವಾಗಿರಲಿ. ನಾಲ್ಕೂ ಗಾಲಿಗಳಿಗೆ ಶಕ್ತಿ ಹರಿಯುವ ಕಾರುಗಳಲ್ಲಿ ಕಿರಿದಾದ ಗಾಲಿ ಡಿಫರೆನ್ಷಿಯಲ್ಲನ್ನು ಕಾಯಿಸಿ ಕೆಡಿಸುತ್ತದೆ.

ಹಳೆಯ ಸ್ಟೆಪ್ನಿ ಹಿಂದಿನ ಬ್ರೇಕಿಗಾದರೂ ಹಿಡಿಸಿದರೆ, ಹಿಂದಿನ ಗಾಲಿಯನ್ನು ಮುಂದಕ್ಕೆ ತಂದು ಸ್ಟೆಪ್ನಿಯನ್ನು ಹಿಂದೆ ಹಾಕಬಹುದು. ಹಿಮದಲ್ಲಿ ಎರಡು ಸಲ ಜಾಕೆತ್ತುವ ಧೈರ್ಯವಿದ್ದವರಿಗೆ ಇದು ಉಪಾಯ. ಅಂಟುದ್ರವದ ಡಬ್ಬಿ ಮೊಳೆಯ ತೂತಿಗೆ ಸಾಕು. ಹಿಮ ಕರಗುವ ಕಾಲದಲ್ಲಿ ಡೆಟ್ರಾಯಿಟಿನ ರಸ್ತೆಗುಂಡಿಗಳು ಸೀಳುವ ಟೈರಿನ ಮಗ್ಗುಲಿಗೆ ಅದರಿಂದ ಪ್ರಯೋಜನವಿಲ್ಲ.

ಕಿರುಗಾತ್ರದ ಸ್ಟೆಪ್ನಿಗೆ ಸಾಮಾನ್ಯವಾಗಿ 60 ಪೌಂಡು ಒತ್ತಡ, 50 ಮೈಲಿಯ ವೇಗಮಿತಿ. ಚಳಿ ಹತ್ತು ಡಿಗ್ರಿ ಫ್ಯಾರನ್‌ಹೀಟ್ ಇಳಿದಾಗಲೆಲ್ಲ ಒಂದು ಪೌಂಡಿಗೂ ಮಿಕ್ಕು ಒತ್ತಡ ಇಳಿಯುತ್ತದೆ. ಆದುದರಿಂದ ದೀಪಾವಳಿಯ ಹೊತ್ತಿಗೊಮ್ಮೆ ಅಳೆಯಿರಿ. ಇನ್ನೊಂದು ಮಾತು. ಕಳಚಿದ ದೊಡ್ಡ ಗಾಲಿ ಸ್ಟೆಪ್ನಿಯ ಕಿರುಗುಣಿಯಲ್ಲಿ ಹಿಡಿಸದು. ಹಾರ್ಮೋನಿಯಂ, ರೇಷ್ಮೆಸೀರೆಯ ಪೆಟ್ಟಿಗೆ, ಬಿಸಿಬೇಳೆಬಾತಿನ ಪಾತ್ರೆಗಳ ನಡುವೆ ಕೆಸರುಮೆತ್ತಿದ ಆ ಗಾಲಿಗೆಲ್ಲಿ ಜಾಗ ಕೊಡುವಿರೆಂಬುದನ್ನೂ, ಒಂದು ಹಳೆಯ ಚಾದರದೊಡನೆ, ಮನೆಯಲ್ಲಿಯೇ ಗೊತ್ತುಮಾಡಿಕೊಂಡು ಹೊರಡಿರಿ.